ಕುಮಿಸ್ ತರಲು ಹೋದವಳು

ನಮ್ಮ ಊರು ತೆರೆಕ್-ಬುಲಾಕಿನ ಮೇಲಿನ ಕೇರಿಯಲ್ಲಿ ನೀಲಿ ಬಾಗಿಲಿನ ಮನೆ ಜುರಕಾನಳದು. ಪೂರ್ತಿ ಹೆಸರು ಹಿಡಿದು ಅವಳನ್ನು ಯಾರೂ ಕರೆಯುವುದಿಲ್ಲ. ಚಿಕ್ಕವರಿಗೆ ಜುರಾ ಅಪಾ, ಅಂದರೆ ಜುರಾ ಅಮ್ಮ; ಓರಗೆಯವರಿಗೆ ಬರೀ ಜುರಾ. ಕುರಿಗಳು ಏನೆಂದು ಕರೆಯುತ್ತವೋ ಅವಕ್ಕೇ ಗೊತ್ತು, ಅವಳು ಒಂದು ಶಿಳ್ಳೆ ಹಾಕಿದರೆ ಆಚೆ ಗುಡ್ಡದಲ್ಲಿರುವುದೂ ಕತ್ತೆತ್ತಿ ನೋಡುತ್ತದೆ. ಗಾಳಿಗೆ ಕೆಂಪಾಗಿ ಒಡೆದ ಕೆನ್ನೆ, ಗಟ್ಟಿ ಕೈ, ಮೃದು ಬಾಯಿ. ಬೆಟ್ಟದ ಮೇಲೆ ಕುರಿಯೊಂದಿಗೇ ಬೆಳೆದ ಹೆಂಗಸು ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಆದರೆ ಅವಳು ಟೆಲಿಫೋನಿನ ಹೆಂಗಸಾಗಬೇಕಾಗಿತ್ತು.

ನಗಬೇಡಿ. ಆ ಕಾಲದಲ್ಲಿ ನಮ್ಮ ಊರ ಅಂಚೆ ಮನೆಯಲ್ಲಿ ನೀನಾ ಅಂತ ಒಬ್ಬ ರಷ್ಯಾದ ಹೆಂಗಸು ಇದ್ದಳು. ಅವಳ ಎದುರಿಗೆ ಜೇನುಗೂಡಿನ ಹಾಗೆ ತೂತು ತೂತಾದ ಒಂದು ಹಲಗೆ, ಒಂದೊಂದು ತೂತಿಗೂ ಒಂದು ಊರು. ಒಂದರಿಂದ ವಯರು ಎಳೆದು ಇನ್ನೊಂದಕ್ಕೆ ಸಿಕ್ಕಿಸಿದರೆ ಇಲ್ಲಿಯ ಮಾತು ಅಲ್ಲಿಗೆ ಹೋಗುತ್ತಿತ್ತು. ಆ ನೀನಾಳ ತೊಡೆಯ ಮೇಲೆ ಯಾವಾಗಲೂ ಒಂದು ಬೂದು ಬೆಕ್ಕು. ಬೆಕ್ಕಿನ ಕಥೆ ಬೇರೆಯೇ ಇದೆ, ಅದು ಒಂದು ಸಲ ವಯರು ಕಚ್ಚಿ ಇಡೀ ಕಣಿವೆಯ ಮಾತು ನಿಲ್ಲಿಸಿತ್ತು. ಅದಿರಲಿ. ಶಾಲೆ ಬಿಟ್ಟ ಕೂಡಲೇ ಆ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದವರು ಇಬ್ಬರು: ಕುರಿಗಾಹಿ ಕಾಸಿಮಾಲಿಯ ಮಗಳು ಜುರಾ, ಮತ್ತು ಸರಕಾರಿ ಕುರಿ ಫಾರಮಿನ ಉಗ್ರಾಣ ನೋಡಿಕೊಳ್ಳುವವನ ಮಗಳು ಗುಲಿಪಾ.

ಒಂದೇ ಬೆಂಚು, ಒಂದೇ ಶಾಯಿ ಕುಡಿಕೆ. ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆಯಬೇಕು. ಗುಲಿಪಾಳ ದನಿ ಬೆಳ್ಳಿ ಗಂಟೆಯಂತೆ; ಸಭೆಯಲ್ಲಿ ಏನೇ ಓದಿಸಬೇಕಾದರೂ ಅವಳನ್ನೇ ಎಬ್ಬಿಸುತ್ತಿದ್ದರು. ಜುರಾಳದು ನೆನಪು. ಒಮ್ಮೆ ಕೇಳಿದ ನಂಬರನ್ನು ಅವಳು ಮರೆಯುತ್ತಿರಲಿಲ್ಲ. ಇಬ್ಬರೂ ಹಟ್ಟಿಯ ಹಿಂದೆ ಕೂತು ಗೋಡೆಯ ತೂತುಗಳಿಗೆ ಹಗ್ಗದ ತುಂಡು ಸಿಕ್ಕಿಸಿ ಆಡುತ್ತಿದ್ದರು.

"ಫ್ರುಂಜೆ, ಫ್ರುಂಜೆ, ತೆರೆಕ್-ಬುಲಾಕ್ ಕರೀತಿದೆ."

"ಫ್ರುಂಜೆ ಕೇಳ್ತಿದೆ. ಮಾತಾಡಿ."

"ನಮ್ಮಪ್ಪಂಗೆ ಹೊಸ ಬೂಟು ಬೇಕಂತೆ."

"ಬೂಟು ಖಾಲಿ. ಟೋಪಿ ಐತೆ, ಕಾಲಿಗೆ ಹಾಕ್ಕೊಳೋಕೆ ಹೇಳಿ."

ಸೋವಿಯತ್ ಸರಕಾರ ಗಟ್ಟಿಯಾಗಿದ್ದ ಕಾಲ ಅದು. ಹತ್ತನೆಯ ತರಗತಿಯ ಪರೀಕ್ಷೆ ಎಲ್ಲರೂ ಬರೆಯಲೇಬೇಕು. ಅದು ಮುಗಿದರೆ ಮುಂದೆ ದಾರಿ ಹಲವು. ದಾದಿ ಶಾಲೆ, ಮೇಷ್ಟ್ರುಗಳ ಶಾಲೆ, ಹೊಲಿಗೆ, ಟ್ರ್ಯಾಕ್ಟರು, ತಲೆ ಇದ್ದವರಿಗೆ ದೊಡ್ಡ ವಿದ್ಯಾಲಯ. ರಾಜಧಾನಿ ಫ್ರುಂಜೆಯಲ್ಲಿ ತಂತಿ ಮತ್ತು ಟೆಲಿಫೋನ್ ಕಲಿಸುವ ಶಾಲೆಯೂ ಇತ್ತು. ಆಗಸ್ಟಿನಲ್ಲಿ ಅದರ ಪ್ರವೇಶ ಪರೀಕ್ಷೆ. ಇಬ್ಬರೂ ಹೋಗುವುದೆಂದು ಎರಡು ವರ್ಷದಿಂದ ಮಾತಾಗಿತ್ತು. ಜುರಾಳ ಅವ್ವ ಉಲ್ಕಾನ್ ಹಾಸ್ಟೆಲಿಗೆಂದು ಕೆಂಪು ಅಂಚಿನ ಅಗಲ ಕೌದಿಯೊಂದನ್ನು ಚಳಿಗಾಲವೆಲ್ಲ ಕೂತು ಹೊಲಿದಿದ್ದಳು. ಇಬ್ಬರು ಮಲಗುವಷ್ಟು ಅಗಲ. ಕಾಸಿಮಾಲಿ ಮಾತು ಕಡಿಮೆಯ ಮನುಷ್ಯ, ಅವನೂ ಒಪ್ಪಿದ್ದ.

"ಹೋಗು ಮಗಾ. ಅಲ್ಲಿಂದ ಫೋನ್ ಮಾಡಿ ಹಿಮ ಯಾವಾಗ ಬೀಳುತ್ತೆ ಅಂತ ಮೊದ್ಲೇ ಹೇಳ್ಬಿಡು. ಕುರಿ ಇಳಿಸ್ಕೋತೀನಿ."

"ಅಪ್ಪಾ, ಹಿಮದ ಸುದ್ದಿ ಟೆಲಿಫೋನಿಗೆ ಹೆಂಗೆ ಗೊತ್ತಾಗುತ್ತೆ?"

"ಮತ್ಯಾಕೆ ಕಲೀತೀಯೇ ಅದನ್ನ?"

ಅಷ್ಟರಲ್ಲಿ ಶಾಲೆಯ ಹಿರಿಯ ಅಗಾಯ್ ಜಿಲ್ಲಾ ಸಭೆಗೆ ಹೋಗಿ ಬಂದ. ಮೇಷ್ಟ್ರುಗಳನ್ನು ನಾವು ಅಗಾಯ್ ಅನ್ನುತ್ತೇವೆ; ಈತನ ಹೆಸರು ಅಬ್ದಿಬೆಕ್. ಎಣ್ಣೆ ಹಚ್ಚಿ ಒತ್ತಿದ ಕೂದಲು, ಎದೆಗೆ ಒತ್ತಿಕೊಂಡ ಚರ್ಮದ ಚೀಲ. ಆ ಚೀಲದಲ್ಲಿ ಒಂದು ರೊಟ್ಟಿ, ಒಂದು ಈರುಳ್ಳಿ ಬಿಟ್ಟರೆ ಏನೂ ಇರುವುದಿಲ್ಲ ಅಂತ ಅವನ ಹೆಂಡತಿಯೇ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ಕೊನೆಯ ಪರೀಕ್ಷೆ ಮುಗಿಸಿ ಮಕ್ಕಳು ಇನ್ನೂ ಉಸಿರು ಬಿಟ್ಟಿರಲಿಲ್ಲ, ಬಂದು ನಿಂತ.

"ಆಚೆ ಕಣಿವೆ ಶಾಲೆಯೋರು ಇಡೀ ತರಗತೀನೇ ಕುರಿ ಸಾಕೋಕೆ ಕೊಟ್ಟವ್ರೆ. ಪೇಪರಲ್ಲಿ ಫೋಟೋ ಬಂದೈತೆ. ನಾವೇನು ಕೈಗೆ ಬಳೆ ತೊಟ್ಕೊಂಡು ಕೂತಿದೀವಾ?"

"ನಾವು ತೊಟ್ಕೊಂಡಿದೀವಲ್ಲ ಅಗಾಯ್," ಅಂದಳು ಗುಲಿಪಾ, ಕೈ ಎತ್ತಿ ಬಳೆ ಆಡಿಸಿ. ತರಗತಿಯೆಲ್ಲ ನಕ್ಕಿತು. ಅಗಾಯ್ ಕೂಡ ನಕ್ಕ. ನಗಬೇಕಾದ ಕಡೆ ನಗುವುದು ಅವನಿಗೆ ಗೊತ್ತಿತ್ತು.

"ಎರಡೇ ವರ್ಷ ಕಣ್ರೋ. ಎರಡು ವರ್ಷ ಮೇಲೆ ಇದ್ದು ಬನ್ನಿ. ಆಮೇಲೆ ಫಾರಮಿನೋರೇ ನಿಮ್ಮನ್ನ ಓದೋಕೆ ಕಳಿಸ್ತಾರೆ. ಯಾವ ಶಾಲೆ ಬೇಕೋ ಆ ಶಾಲೆ. ಪ್ರವೇಶ ಪರೀಕ್ಷೇನೂ ಇಲ್ಲ."

ಮನೆಗೆ ಹೋಗುವ ದಾರಿಯಲ್ಲಿ ಜುರಾ ಗುಲಿಪಾಳ ತೋಳು ಹಿಡಿದಳು.

"ನಾನು ಕೈ ಎತ್ತಲ್ಲ. ನೀನೂ ಎತ್ತಬೇಡ. ನಾವು ಆಗಸ್ಟಿಗೆ ಹೋಗೋಣ."

ಗುಲಿಪಾ ಕಲ್ಲೊಂದನ್ನು ಕಾಲಿನಿಂದ ಒದೆಯುತ್ತ ನಡೆದಳು. "ಪ್ರವೇಶ ಪರೀಕ್ಷೆ ಇಲ್ಲ ಅಂದ್ರಲ್ಲೇ. ನನ್ನ ಲೆಕ್ಕ ನಿಂಗೆ ಗೊತ್ತು. ನೀನು ಪಾಸು, ನಾನು ಫೇಲು ಆದ್ರೆ? ಇದಾದ್ರೆ ಇಬ್ರೂ ಒಟ್ಟಿಗೇ ಹೋಗ್ಬಹುದು. ಎರಡು ವರ್ಷ ಮೇಲೆ ಒಂದೇ ಗುಡಾರದಲ್ಲಿ ಇರೋಣ. ನಿಮ್ಮವ್ವನ ಕೌದಿ ಹೆಂಗೂ ಐತೆ."

ಇಬ್ಬರೂ ಒಟ್ಟಿಗೇ ಅನ್ನುವ ಆ ಒಂದು ಮಾತಿಗೆ ಜುರಾ ಒಪ್ಪಿಬಿಟ್ಟಳು. ಅವಳು ಹಾಗೆಯೇ. ಒಬ್ಬಳೇ ಗೆಲ್ಲುವುದೆಂದರೆ ಅವಳಿಗೆ ಅರ್ಧ ಊಟ ಮಾಡಿ ಎದ್ದಂತೆ.

ಈಗ ಅಗಾಯನ ಜಾಣತನ ನೋಡಿ. ಸಭೆಯಲ್ಲಿ ಎತ್ತಿದ ಕೈ ಸಂಜೆಯೊಳಗೆ ಇಳಿಯುತ್ತದೆ ಅನ್ನುವುದು ಅವನಿಗೆ ಗೊತ್ತು. ಸರಕಾರದ ಮುಂದೆ ಮಾಡಿದ ಪ್ರತಿಜ್ಞೆಗೆ ನಮ್ಮ ಊರಲ್ಲಿ ಎಷ್ಟು ಬೆಲೆ ಇತ್ತೋ ಅದೂ ಅವನಿಗೆ ಗೊತ್ತು. ದೇವರಿಲ್ಲ ಎಂದು ವಾರಕ್ಕೊಂದು ಭಾಷಣ ಮಾಡುವ ಆ ಪಕ್ಷದ ಮನುಷ್ಯ ಸೀದಾ ಹೋಗಿ ಮೊಲ್ದೊಬಾಯ್ ಅಕ್ಸಕಾಲನನ್ನು ಕರೆತಂದ. ಊರಿಗೇ ಹಿರಿಯ, ಬಿಳಿ ಗಡ್ಡದ ಮುದುಕ. ಅವನು ಬಾತಾ ಕೊಟ್ಟರೆ ಮುಗಿಯಿತು. ಹಿರಿಯರು ಹರಸುತ್ತಾರೆ, ಕಿರಿಯರು ಬೊಗಸೆ ಚಾಚಿ ಕೂತಿರುತ್ತಾರೆ, ಕೊನೆಯಲ್ಲಿ ಓಮಿನ್ ಅಂದು ಆ ಕೈಯಿಂದ ಮುಖ ಸವರಿಕೊಳ್ಳುತ್ತಾರೆ. ಹಾಗೆ ಪಡೆದ ಬಾತಾ ಮೀರಿ ನಡೆದರೆ ಮನೆಗೆ ಒಳ್ಳೆಯದಲ್ಲ. ಮಳೆಗೆ ನೆಲ ಹಸಿರಾಗುತ್ತದೆ, ಬಾತಾಕ್ಕೆ ಮನುಷ್ಯ ಹಸಿರಾಗುತ್ತಾನೆ ಅಂತ ನಮ್ಮಲ್ಲಿ ಗಾದೆಯೇ ಇದೆ. ಹಸಿರಾಗುವುದನ್ನೇ ಹಗ್ಗ ಮಾಡಿ ಕಟ್ಟಬಹುದು ಅನ್ನುವುದು ಅಗಾಯನಿಗೆ ಮಾತ್ರ ಹೊಳೆಯಿತು.

ಶಾಲೆಯ ಅಂಗಳದಲ್ಲಿ ಕೆಂಪು ಬಟ್ಟೆ ಕಟ್ಟಿದರು. ಜಿಲ್ಲೆಯಿಂದ ಫೋಟೋ ತೆಗೆಯುವವನು ಬಂದ. ನೆಲಕ್ಕೆ ಕಂಬಳಿ ಹಾಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್ ಸುರಿದು, ಬಟ್ಟಲು ಬಟ್ಟಲು ಕುಮಿಸ್ ಹಂಚಿದರು. ಹುಳಿ ಬರಿಸಿದ ಕುದುರೆ ಹಾಲಿನ ಕುಮಿಸ್ ಜೂನ್ ತಿಂಗಳಲ್ಲಿ ಕುಡಿಯಬೇಕು, ಆಗಲೇ ಅದಕ್ಕೆ ಹುಲ್ಲಿನ ವಾಸನೆ. ಪ್ರತಿಜ್ಞೆ ಓದಲು ಎದ್ದವಳು ಗುಲಿಪಾ. ಬಿಳಿ ಏಪ್ರನ್ನು, ಜಡೆಗೆ ಬಿಳಿ ರಿಬ್ಬನ್ನು. "ನಾವು, ತೆರೆಕ್-ಬುಲಾಕಿನ ಮಕ್ಕಳು," ಎಂದು ಶುರು ಮಾಡಿದಳು. ಎಂಥ ದನಿ! ಕೂತ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಓದುತ್ತ ಓದುತ್ತ ಅವಳು ಜುರಾಳನ್ನೇ ನೋಡಿದಳು. ಜುರಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

ಫೋಟೋ ಆಯಿತು, ಚಪ್ಪಾಳೆ ಆಯಿತು. ಮೊಲ್ದೊಬಾಯ್ ತಾತ ಗಂಟಲು ಸರಿಮಾಡಿಕೊಂಡು ಕೂತ. ಮಕ್ಕಳೆಲ್ಲ ಅವನ ಮುಂದೆ ಮಂಡಿಯೂರಿದರು. ಜುರಾಳ ಪಕ್ಕದಲ್ಲಿದ್ದ ಗುಲಿಪಾ ಅವಳ ಕಿವಿಗೆ ಬಾಗಿದಳು.

"ಕುಮಿಸ್ ಖಾಲಿಯಾಗೈತೆ ಕಣೇ. ಅವ್ವ ಕಣ್ಣಲ್ಲೇ ಕರೀತಿದಾಳೆ. ತಂದ್ಬಿಡ್ತೀನಿ."

"ಈಗಲೇ? ಬಾತಾ ಶುರುವಾಗುತ್ತೆ."

"ನನ್ನ ಪಾಲಿಂದೂ ನೀನೇ ತಗೋ."

ಹಾಗಂದು ಬಗ್ಗಿಕೊಂಡೇ ಎದ್ದು ಹೋದಳು. ಮುದುಕ ಹರಸತೊಡಗಿದ. ನಿಮ್ಮ ಹಟ್ಟಿ ತುಂಬಲಿ, ಏರಿದ ಬೆಟ್ಟ ನಿಮ್ಮನ್ನು ಕಾಯಲಿ, ಹಿಡಿದ ಕೆಲಸ ಬಿಡದ ಕೈ ನಿಮ್ಮದಾಗಲಿ. ಜುರಾ ಬೊಗಸೆಯನ್ನು ಅಗಲ ಮಾಡಿದಳು. ಇಬ್ಬರ ಪಾಲಲ್ಲವೆ?

"ಏನೇ ಅದು, ಕುರಿ ಹಾಲು ಹಿಡೀತೀಯಾ?" ಎಂದು ಹಿಂದಿನಿಂದ ಯಾವನೋ ಪಿಸುಗುಟ್ಟಿದ.

"ಗುಲಿಪಾಂದೂ ಸೇರಿಸಿ ಹಿಡೀತಿದೀನಿ. ಸುಮ್ನಿರೋ."

ಓಮಿನ್ ಅಂದರು. ಜುರಾ ಎರಡು ಸಲ ಮುಖ ಸವರಿಕೊಂಡಳು. ಕುಮಿಸ್ ಮಾತ್ರ ಬರಲೇ ಇಲ್ಲ. ಆ ಸಡಗರದಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಲಾರಿ ಹತ್ತಿಸಿ ಮಕ್ಕಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಕಳಿಸಿದರು. ಹಾಸಿಗೆ ಹೊಲಿದಿಲ್ಲ, ಮುಂದಿನ ಲಾರಿಗೆ ಬರುತ್ತೇನೆ ಅಂತ ಗುಲಿಪಾ ಹೇಳಿ ಕಳಿಸಿದ್ದಳು. ಮೇಲೆ ಹೋದ ಜುರಾ ಉಣ್ಣೆಯ ಗುಡಾರದಲ್ಲಿ ಬಾಗಿಲಿಗೆ ದೂರದ, ಬೆಚ್ಚನೆಯ ಜಾಗ ಹಿಡಿದು ಅವ್ವನ ಕೌದಿ ಹಾಸಿದಳು. ತಾನು ಒಂದು ಮಗ್ಗುಲಿಗೆ ಮಲಗಿ ಇನ್ನೊಂದನ್ನು ಬಿಟ್ಟುಕೊಂಡಳು. ಉಳಿದ ಹುಡುಗಿಯರು ಕೆಣಕಿದರು.

"ಯಾರಿಗೇ ಅಷ್ಟು ಜಾಗ? ಗಂಡನ್ನ ಕರೆಸ್ತೀಯಾ?"

"ಗುಲಿಪಾಗೆ. ಅವಳಿಗೆ ಚಳಿ ತಡ್ಯಲ್ಲ."

ಒಂದು ಲಾರಿ ಬಂತು, ಹಿಟ್ಟಿನ ಮೂಟೆ ಇಳಿಯಿತು. ಇನ್ನೊಂದು ಬಂತು, ಉಪ್ಪು ಇಳಿಯಿತು. ಲಾರಿ ಓಡಿಸುವವನು ಶಾರ್ಶೆನ್, ಬಾಯಿ ತುಂಬ ಹಲ್ಲು, ಹಲ್ಲು ತುಂಬ ನಗು. ಜುರಾ ಓಡಿ ಹೋಗಿ ಹಿಂದೆ ಮುಂದೆ ನೋಡಿದಳು.

"ಏನು ಹುಡುಕ್ತೀಯಾ ತಂಗಿ? ಚಕ್ರ ನಾಲ್ಕೂ ಐತೆ."

"ಗುಲಿಪಾ ಬರ್ಲಿಲ್ವಾ?"

"ಯಾವ ಗುಲಿಪಾ? ಉಗ್ರಾಣದೋರ ಮಗಳಾ? ಅವಳು ಫ್ರುಂಜೆ ಬಸ್ಸು ಹತ್ತಿ ಎಷ್ಟು ದಿನ ಆಯ್ತು! ಪೆಟ್ಟಿಗೆ ಮೇಲೆ ಏರಿಸಿದ್ದೇ ನಾನು. ಟೆಲಿಫೋನ್ ಶಾಲೆಗಂತೆ. ಅವರಪ್ಪನ ಕಡೆಯೋರು ಯಾರೋ ಅಲ್ಲಿ ಇದಾರಂತೆ, ಸೀಟೆಲ್ಲಾ ಆಗೋಗೈತಂತೆ."

ಜುರಾ ನಕ್ಕಳು. "ಸುಳ್ಳು ಹೇಳ್ಬೇಡಣ್ಣಾ."

"ಸುಳ್ಳು ಹೇಳೋದಾದ್ರೆ ಚೆನ್ನಾಗಿರೋದನ್ನ ಹೇಳ್ತಿದ್ದೆ," ಅಂದ ಶಾರ್ಶೆನ್. ಅವಳ ಮುಖ ನೋಡಿ ಅವನ ನಗು ಹಲ್ಲಿನ ಹಿಂದೆ ಸರಿಯಿತು. "ನಿಂಗೆ ಹೇಳಿರ್ಲಿಲ್ವಾ ಅವಳು?"

ನೆಚ್ಚಿದ ಎಮ್ಮೆ ಕೋಣ ಈದರೆ ಹಾಲು ಹೋಯಿತು ಅಂತಷ್ಟೇ ದುಃಖ. ಇಲ್ಲಿ ಹಾಲು ಇನ್ನೊಬ್ಬರ ಮನೆಯಲ್ಲಿ ಕಾಯುತ್ತಿತ್ತು. ಅದೇ ಶಾಲೆ. ಇಬ್ಬರೂ ಹೋಗಬೇಕಾಗಿದ್ದ ಅದೇ ಶಾಲೆ. ಜುರಾ ಗುಡಾರಕ್ಕೆ ಹೋಗಿ ಕೌದಿಯನ್ನು ನಡುವೆ ಮಡಚಿದಳು. ಆಮೇಲೆ ಯೋಚನೆ ಮಾಡಿದಳು: ಆಗಸ್ಟಿಗೆ ಇನ್ನೂ ಸಮಯ ಇದೆ. ಅವಳು ಹೋದಳೆಂದರೆ ನಾನೂ ಹೋಗಬಹುದು.

ಅಪ್ಪ ಮೇಲಿನ ಹಟ್ಟಿಯಲ್ಲೇ ಇದ್ದ. ಕುರಿಯ ಗೊರಸು ಕೆತ್ತುತ್ತಿದ್ದವನು ಮಗಳ ಮಾತನ್ನೆಲ್ಲ ಕೇಳಿದ. ಚಾಕು ಕೆಳಗಿಟ್ಟ.

"ಸರಕಾರಕ್ಕೆ ಕೊಟ್ಟ ಮಾತಾದ್ರೆ ನಾನೇ ಕುದುರೆ ಮೇಲೆ ಕೂರಿಸಿ ಕಳಿಸ್ತಿದ್ದೆ ಮಗಾ. ಆದ್ರೆ ನೀನು ಕೈ ಚಾಚಿದೆಯಲ್ಲ. ಊರೆಲ್ಲ ನೋಡೈತೆ."

"ಗುಲಿಪಾ ಹೋಗ್ಲಿಲ್ವಾ ಅಪ್ಪಾ? ಅವಳಿಗೆ ಏನಾಯ್ತು? ಆಕಾಶ ಬಿತ್ತಾ?"

"ಅವಳ ವಿಷ್ಯ ಅವರ ಮನೆಯೋರು ನೋಡ್ಕೋತಾರೆ. ಹಿಡಿದ ಕೆಲಸ ಬಿಡದ ಕೈ ಅಂತ ಹರಸಿದ್ದು ನಿಂಗೆ. ಮೀರಿ ಹೋಗ್ತೀಯಾ, ನಾಳೆ ನಿಂಗೇನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ? ಕೊಟ್ಟೋರನ್ನೇ ಕೇಳು. ಮೊಲ್ದೊಬಾಯ್ ತಾತ ವಾಪಸ್ ತಗೊಂಡ್ರೆ ನಾನು ಬೇಡ ಅನ್ನಲ್ಲ."

ಬೆಳಗಾಗುತ್ತಲೇ ಜುರಾ ಕುದುರೆ ಹತ್ತಿದಳು. ಮೊಲ್ದೊಬಾಯ್ ತಾತನ ಗುಡಾರ ಹೊಳೆಯಾಚೆಯ ಇಳಿಜಾರಿನಲ್ಲಿತ್ತು. ಮುದುಕ ಹೊರಗೆ ಕೂತು ಚಾಟಿ ಹೆಣೆಯುತ್ತಿದ್ದ. ಮೊದಲು ಚಹ ಕುಡಿಸಿದ, ರೊಟ್ಟಿ ಮುರಿದು ಕೊಟ್ಟ, ನಿಮ್ಮಪ್ಪನ ಕುಂಟು ಕುದುರೆ ಹೇಗಿದೆ ಎಂದು ಕೇಳಿದ. ಜುರಾ ರೊಟ್ಟಿ ಪಕ್ಕಕ್ಕಿಟ್ಟಳು. ಎಲ್ಲ ಹೇಳಿದಳು. ಮುದುಕನ ಬೆರಳು ಚಾಟಿಯ ಮೇಲೆ ನಿಂತುಹೋಯಿತು.

"ನೀವೇ ಕೇಳ್ಕೊಂಡಿದ್ದು ಅಂತ ಹೇಳಿದ್ನಲ್ಲ ನಿಮ್ಮ ಅಗಾಯ್. 'ಮಕ್ಕಳು ಹಟ ಹಿಡಿದವ್ರೆ, ತಾತನ ಬಾತಾ ಇಲ್ದೆ ಲಾರಿ ಹತ್ತಲ್ಲ ಅಂತಾರೆ' ಅಂದ. ನನಗೆ ಕಣ್ಣಲ್ಲಿ ನೀರು ಬಂತು. ಹಿಂಗಾ ವಿಷ್ಯ! ನನ್ನ ಬಾಯನ್ನೂ ಬಾಡಿಗೆಗೆ ತಗೊಂಡ್ಬಿಟ್ಟ ಅವನು."

"ಗುಲಿಪಾ ಹೆಂಗೆ ಹೋದ್ಲು ತಾತಾ? ಅವಳಿಗೆ ಭಯ ಆಗ್ಲಿಲ್ವಾ?"

ಮುದುಕ ಗಡ್ಡ ಹಿಡಿದುಕೊಂಡ. ಹೇಳಲೋ ಬೇಡವೋ ಎಂದು ಹೊಳೆಯ ಕಡೆ ನೋಡಿದ.

"ಅವಳಿಗೆ ಬಾತಾ ಹತ್ತಿಲ್ಲ ಮಗಾ. ಹಿಂದಿನ ದಿನ ಅವರವ್ವ ಕಾದಿಚಾ ನನ್ನ ಹತ್ರ ಬಂದಿದ್ಲು, ಸಕ್ಕರೆ ಪೊಟ್ಟಣ ಹಿಡ್ಕೊಂಡು. 'ತಾತಾ, ಗುಂಪಲ್ಲಿ ಕೂತಿದ್ರೆ ಎಲ್ರಿಗೂ ಹತ್ತುತ್ತಾ?' ಅಂತ ಕೇಳಿದ್ಲು. 'ಕೈ ಚಾಚಿದೋರಿಗೆ ಹತ್ತುತ್ತೆ, ಎದ್ದೋದೋರಿಗೆ ಇಲ್ಲ' ಅಂದೆ. ಯಾಕೆ ಕೇಳ್ತಾಳೆ ಅಂತ ನಾನು ಯೋಚ್ನೆ ಮಾಡ್ಲಿಲ್ಲ. ಹುಡುಗಿ ಕಾಯಿಲೇನೋ ಏನೋ ಅಂದ್ಕೊಂಡೆ."

"ಗುಲಿಪಾಗೆ ಗೊತ್ತಿತ್ತಾ?"

"ಅವ್ವನ ಪಕ್ಕದಲ್ಲೇ ನಿಂತಿದ್ಲು. ನೆಲ ನೋಡ್ತಾ."

ತಂದೆತಾಯಿ ಬಲವಂತ ಮಾಡಿ ಬಸ್ಸು ಹತ್ತಿಸಿರಬೇಕು, ಅಳುತ್ತ ಹೋಗಿರಬೇಕು ಅಂತ ದಾರಿಯುದ್ದಕ್ಕೂ ಜುರಾ ಗುಲಿಪಾಳ ಪರವಾಗಿ ತಾನೇ ವಾದ ಹೂಡಿಕೊಂಡು ಬಂದಿದ್ದಳು. ಈಗ ಆ ಸಭೆ ಕಣ್ಣ ಮುಂದೆ ಬಂತು. ಓದುತ್ತ ಓದುತ್ತ ತನ್ನನ್ನೇ ನೋಡಿದ್ದು. ಕಿವಿಗೆ ಬಾಗಿದ್ದು. ಎದ್ದು ಹೋಗುವುದು ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿದ್ದೂ ತನ್ನನ್ನು ಅಲ್ಲೇ ಮಂಡಿಯೂರಿಸಿ ಹೋದಳು. ಬಾ, ನೀನೂ ಏಳು ಎಂದು ಒಂದು ಸಲ ತೋಳು ಜಗ್ಗಿದ್ದರೆ ಸಾಕಿತ್ತು.

"ಅವಳ ಪಾಲಿಂದೂ ನಾನೇ ತಗೊಂಡೆ ತಾತಾ," ಅಂದಳು. "ತಗೋ ಅಂದ್ಲು. ತಗೊಂಡೆ."

ಮುದುಕ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಜುರಾ ಅವನ ಮುಂದೆ ಮಂಡಿಯೂರಿದಳು.

"ವಾಪಸ್ ತಗೊಳಿ. ಆಗಸ್ಟಿಗೆ ನಾನು ಹೋಗ್ತೀನಿ."

"ಆಗಲ್ಲ ಮಗಾ."

"ಯಾಕಾಗಲ್ಲ? ನಿಮಗೆ ಸುಳ್ಳು ಹೇಳಿ ಕೊಡಿಸಿದ್ದು."

"ಸುಳ್ಳು ಹೇಳ್ದೋನು ಅವನು. ಕೊಟ್ಟೋನು ನಾನು. ಬಿದ್ದ ಮಳೇನ ಮೋಡ ಎತ್ಕೊಳುತ್ತಾ? ನಾನು ನಿಂದೊಂದು ವಾಪಸ್ ತಗೊಂಡ್ರೆ, ನಾಳೆ ಮದುವೆಗೆ ಕೊಟ್ಟಿದ್ದು ವಾಪಸ್ ಕೇಳ್ತಾರೆ, ರಾಜಿ ಮಾಡಿಸಿ ಕೊಟ್ಟಿದ್ದು ವಾಪಸ್ ಕೇಳ್ತಾರೆ. ಆಮೇಲೆ ಈ ಕಣಿವೇಲಿ ಬಾತಾ ಅನ್ನೋದು ಏನು ಉಳಿಯುತ್ತೆ? ನನ್ನ ಬೈಯಿ. ಬೇಕಾದ್ರೆ ಈ ಚಾಟೀಲಿ ಎರಡು ಹೊಡಿ. ಅದೊಂದು ಮಾತ್ರ ಕೇಳ್ಬೇಡ."

ಒಳ್ಳೆಯ ಮುದುಕ. ಕೆಟ್ಟವನಾಗಿದ್ದರೆ ಅವಳು ಜಗಳವಾಡಿ ಹೋಗಿಬಿಡುತ್ತಿದ್ದಳು. ಅವನು ಅತ್ತದ್ದರಿಂದ ಅವಳ ಕೈಕಾಲು ಕಟ್ಟಿಹೋಯಿತು.

ಆಮೇಲೆ ಏನು? ಚಳಿಗೆ ಒಬ್ಬೊಬ್ಬರೇ ಕರಗಿದರು. ಹುಡುಗರನ್ನು ಸೈನ್ಯ ಕರೆಯಿತು. ಹುಡುಗಿಯರಿಗೆ ಮದುವೆ ಆಯಿತು. ಒಬ್ಬಳಿಗೆ ಹೊಟ್ಟೆನೋವು ಬಂದು ಡಾಕ್ಟರು ಬೆಟ್ಟ ಬೇಡ ಅಂದರು. ಆ ಹೊಟ್ಟೆನೋವು ಹೊಲಿಗೆ ಶಾಲೆ ಸೇರಿದ ಮೇಲೆ ವಾಸಿಯಾಯಿತು. ಬಾತಾ ಹತ್ತಿದ್ದವರೇ, ಆದರೆ ಅವರವರ ಮನೆಯವರು ಅವರವರಿಗೊಂದು ಸಂದು ಹುಡುಕಿಕೊಂಡರು. ಸಂದು ಹುಡುಕದವನು ಕಾಸಿಮಾಲಿ ಒಬ್ಬನೇ. ಅಗಾಯ್ ಎದೆಗೆ ಪದಕ ಸಿಕ್ಕಿಸಿಕೊಂಡು ಜಿಲ್ಲಾ ಕಚೇರಿಗೆ ಹೋದ. ಎರಡು ವರ್ಷ ಕಳೆದು ಜುರಾ ಕೆಳಗಿಳಿದು ಫಾರಮಿನ ಕಚೇರಿಗೆ ಹೋಗಿ, ನನ್ನನ್ನು ಓದಲು ಕಳಿಸುವ ಮಾತು ಏನಾಯಿತು ಎಂದು ಕೇಳಿದಳು. ಹೊಸ ಸಾಹೇಬ ಸಿಗರೇಟು ಆರಿಸಿ ಅವಳನ್ನು ಮೇಲೆ ಕೆಳಗೆ ನೋಡಿದ.

"ಯಾವ ಮಾತಮ್ಮಾ?"

ಅಷ್ಟೇ. ಅವನ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿಲ್ಲ, ಪಾಪ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಕಟ್ಟಿಕೊಂಡದ್ದು ಶಾರ್ಶೆನನನ್ನು. ಕೆಟ್ಟ ಸುದ್ದಿ ತಂದವನನ್ನೇ ಮದುವೆಯಾದಳಲ್ಲ ಎಂದು ಊರು ನಕ್ಕಿತು. "ಇಡೀ ಊರಲ್ಲಿ ನನಗೆ ನಿಜ ಹೇಳಿದೋನು ಅವನೊಬ್ಬನೇ," ಎಂದಳು ಜುರಾ. ಅವನೂ ಮಾತು ಉಳಿಸಿಕೊಂಡ. ಸಾಯುವವರೆಗೂ ಅವಳಿಗೊಂದು ಸುಳ್ಳು ಹೇಳಲಿಲ್ಲ, ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದ ದಿನವೂ.

ಉಲ್ಕಾನ್ ತೀರಿಕೊಂಡ ದಿನ ಜುರಾ ಅಂಚೆ ಮನೆಗೆ ಓಡಿದಳು. ಅವಳ ತಮ್ಮನೊಬ್ಬ ಫ್ರುಂಜೆಯಲ್ಲಿ ಕೆಲಸಕ್ಕಿದ್ದ, ಅವನಿಗೆ ತಿಳಿಸಬೇಕು. ನೀನಾ ಮುದುಕಿಯಾಗಿದ್ದಳು, ಬೆಕ್ಕು ಬೇರೆಯದು. ವಯರು ಸಿಕ್ಕಿಸಿ ರಿಸೀವರನ್ನು ಕೈಗೆ ಕೊಟ್ಟಳು. ಆ ಕಡೆಯಿಂದ ಬೆಳ್ಳಿ ಗಂಟೆಯಂಥ ದನಿ.

"ಫ್ರುಂಜೆ ಕೇಳ್ತಿದೆ. ಮಾತಾಡಿ."

ಜುರಾ ಗೋಡೆಗೆ ಒರಗಿದಳು.

"ಮಾತಾಡಿ ತೆರೆಕ್-ಬುಲಾಕ್. ಯಾರು ಬೇಕು?" ತೆರೆಕ್-ಬುಲಾಕ್ ಎನ್ನುವಾಗ ಆ ದನಿ ಒಂದಿಷ್ಟೂ ತಡವರಿಸಲಿಲ್ಲ. ಯಾವುದೋ ಒಂದು ತೂತು, ಅಷ್ಟೇ.

ನಾನು ಕಣೇ, ನಿನಗೆ ಜಡೆ ಹಾಕುತ್ತಿದ್ದ ಜುರಾ, ನಮ್ಮವ್ವ ಹೋದಳು ಅನ್ನಬಹುದಿತ್ತು. ಜುರಾ ತಮ್ಮನ ನಂಬರು ಹೇಳಿದಳು. ಅಂಕಿ ಬಿಟ್ಟು ಬೇರೇನೂ ಹೇಳಲಿಲ್ಲ.

"ಸಿಕ್ತು, ಮಾತಾಡಿ," ಅಂದಿತು ಆ ದನಿ. ದೂರವಾಯಿತು.

ಸರಕಾರ ಹೋಯಿತು, ಫಾರಂ ಒಡೆದು ಕುರಿಗಳು ಹಂಚಿಹೋದವು, ಫ್ರುಂಜೆಗೆ ಬಿಷ್ಕೆಕ್ ಅಂತ ಹೆಸರಾಯಿತು. ಕಿಸೆಗೊಂದು ಫೋನ್ ಬಂದ ಮೇಲೆ ತೂತಿನ ಹಲಗೆಯನ್ನು ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡರು. ಜುರಾ ಬೆಟ್ಟ ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೊಂದು ಬೇಸಿಗೆ ಮಂಡಿ ನೋವೆಂದು ಊರಲ್ಲೇ ಉಳಿದಳು. ಆ ಬೇಸಿಗೆಯೇ ಗುಲಿಪಾ ಬಂದದ್ದು.

ಕೂದಲಿಗೆ ಬಣ್ಣ, ಬೆರಳಿಗೆ ಉಂಗುರ, ಕಾಲು ಮಾತ್ರ ಊದಿಕೊಂಡಿತ್ತು. ಜೊತೆಯಲ್ಲಿ ಮೊಮ್ಮಗಳು ಸೆಜಿಮ್, ಒಂಬತ್ತನೆಯ ತರಗತಿ ಮುಗಿಸಿದವಳು. ಈಗ ಒಂಬತ್ತಕ್ಕೇ ಕಡ್ಡಾಯ ಪರೀಕ್ಷೆ, ಅಲ್ಲಿಂದಲೇ ಕಾಲೇಜಿಗೆ ಹೋಗಬಹುದು. ಹುಡುಗಿ ಔಷಧ ತಯಾರಿಸುವುದನ್ನು ಕಲಿಯಲು ಹೊರಟಿದ್ದಳು. ಹೋಗುವ ಮೊದಲು ಹಿರಿಯರ ಊರಿನಲ್ಲಿ ಬಾತಾ ಕೊಡಿಸಬೇಕೆಂದು ಅಜ್ಜಿಯ ಆಸೆ. ಗುಲಿಪಾಳ ಅಣ್ಣನ ಮನೆ ಜುರಾಳ ಮನೆಗೆ ಅಂಟಿಕೊಂಡೇ ಇದೆ. ಕುರಿ ಕಡಿದರು, ಕೇರಿಯನ್ನೆಲ್ಲ ಕರೆದರು. ಕರೆದ ಮೇಲೆ ಹೋಗದಿದ್ದರೆ ಆಗುತ್ತದೆಯೆ? ಜುರಾ ಬಿಳಿ ರುಮಾಲು ಕಟ್ಟಿಕೊಂಡು ಹೋದಳು.

ಗುಲಿಪಾ ಅವಳನ್ನು ಅಪ್ಪಿಕೊಂಡಳು. ಅದೇ ದನಿ, ಸ್ವಲ್ಪ ಒಡೆದಿತ್ತು.

"ಜುರಾ, ಎಷ್ಟು ಚೆನ್ನಾಗಿದೀಯೇ! ಬೆಟ್ಟದ ಗಾಳಿ ನೋಡು. ನಾನು ನೋಡು, ಆ ಕುರ್ಚೀಲಿ ಕೂತು ಕೂತು ಕಾಲು ಸತ್ತೋಯ್ತು. ಒಂದೊಂದ್ಸಲ ಅನ್ಸುತ್ತೆ, ನೀನೇ ಪುಣ್ಯವಂತೆ."

"ಹೂಂ," ಅಂದಳು ಜುರಾ.

"ನಾವಾಗ ಮಕ್ಕಳು. ಅವ್ವ ಏನು ಹೇಳಿದ್ಲೋ ಅದು ಮಾಡ್ದೆ. ನಿಂಗೆ ಬೇಜಾರಿಲ್ಲ ತಾನೇ?"

"ತಿನ್ನು ಗುಲಿಪಾ. ಮಾಂಸ ಆರುತ್ತೆ."

ಹುಡುಗಿ ಒಳ್ಳೆಯವಳು. ಜುರಾಳ ಪಕ್ಕದಲ್ಲೇ ಕೂತು, "ಅಪಾ, ಕುರಿ ನಿಜವಾಗ್ಲೂ ನಿಮ್ಮ ಶಿಳ್ಳೆಗೆ ಬರುತ್ತಾ? ನನಗೂ ಕಲಿಸ್ತೀರಾ?" ಎಂದು ಕೇಳಿದಳು. ಬಾಯಿಗೆ ಬೆರಳಿಟ್ಟು ಊದಿ ಉಗುಳು ಹಾರಿಸಿದಳು. ಜುರಾಳಿಗೆ ನಗು ತಡೆಯಲಾಗಲಿಲ್ಲ.

ಊಟ ಮುಗಿಯಿತು. ಗುಲಿಪಾಳ ಅಣ್ಣ ಮಂಡಿ ಸರಿಮಾಡಿಕೊಂಡು ಜುರಾಳ ಕಡೆ ತಿರುಗಿದ. "ಕರೆದು ಬಂದೋರಲ್ಲಿ ಹಿರಿಯೋಳು ನೀನೇ. ಮಗೀಗೆ ಬಾತಾ ಕೊಡು."

ಎಲ್ಲರೂ ಕೈ ಚಾಚಿದರು. ಗುಲಿಪಾ ಎಲ್ಲರಿಗಿಂತ ಮೊದಲು ಚಾಚಿದಳು, ಉಂಗುರದ ಬೆರಳು ಅಗಲಿಸಿ.

ಜುರಾ ಆ ಕೈಯನ್ನೇ ನೋಡಿದಳು. ಆಮೇಲೆ ಕಂಬಳಿಯ ಮೇಲಿದ್ದ ಖಾಲಿ ಹೂಜಿಯನ್ನು ಎತ್ತಿಕೊಂಡು ಎದ್ದಳು.

"ಕುಮಿಸ್ ಖಾಲಿಯಾಗೈತೆ," ಅಂದಳು. "ತಂದ್ಬಿಡ್ತೀನಿ."

"ಈಗಲಾ? ಬಾತಾ ಆಗ್ಲಿ ಮೊದ್ಲು!" ಅಂದ ಅಣ್ಣ.

"ನೀನೇ ಕೊಡಣ್ಣಾ. ನೀನೂ ಹಿರಿಯನೇ."

ಬಾಗಿಲ ಬಳಿ ಒಂದು ಸಲ ತಿರುಗಿ ನೋಡಿದಳು. ಉಳಿದವರಿಗೆ ಏನೂ ತಿಳಿಯಲಿಲ್ಲ. ಗುಲಿಪಾಳ ಮುಖ ಮಾತ್ರ ಸುಣ್ಣ ಬಳಿದಂತಾಗಿತ್ತು.

ಅಂಗಳದ ನೆರಳಿನಲ್ಲಿ ಕುಮಿಸಿನ ಮರದ ಬಾನಿ ಇತ್ತು. ಜುರಾ ಮುಚ್ಚಳ ತೆಗೆದು ಕಡೆಗೋಲಿನಿಂದ ಕಲಕಿದಳು. ಒಳಗಿನಿಂದ ಅಣ್ಣನ ಹರಕೆ ಕೇಳುತ್ತಿತ್ತು. ಹೋದ ದಾರಿ ಬೆಳಕಾಗಲಿ. ಕಲಿತದ್ದು ಕೈಹಿಡಿಯಲಿ. ಜುರಾಳ ಎರಡು ಕೈಯಲ್ಲೂ ಹೂಜಿ ಇತ್ತು. ಹುಡುಗಿಯ ಉಗುಳು ಹಾರಿದ ಶಿಳ್ಳೆ ನೆನಪಾಯಿತು, ಕೈ ಸಡಿಲವಾಯಿತು, ಬೊಗಸೆ ಚಾಚಲು ಹೂಜಿಯನ್ನು ಇನ್ನೇನು ಕೆಳಗಿಡಬೇಕು. ಇಡಲಿಲ್ಲ. ಓಮಿನ್ ಅಂದರು ಒಳಗೆ.

ಹೂಜಿಯ ಕಂಠದವರೆಗೆ ತುಂಬಿಸಿಕೊಂಡು ಅವಳು ಒಳಗೆ ಬಂದಳು. ನೇರ ಗುಲಿಪಾಳ ಮುಂದೆ ಕೂತು, ಅವಳ ಬಟ್ಟಲಿಗೆ ಮೊದಲು ಬಗ್ಗಿಸಿದಳು. ನೊರೆ ಅಂಚಿಗೆ ಬಂತು.

"ಕುಡಿ," ಅಂದಳು. "ನಾನು ತರ್ತೀನಿ ಅಂತ ಹೋದೋಳು, ತಂದಿದೀನಿ."